ಹತ್ತು ಚೌಕದ ಮಾರಿಯೊ

“ಏನವ್ವಾ ಅದು, ಶುಗರ್ ನೋಡೂ ಮಷೀನೇನು?”

ಕಂಡಕ್ಟರ್ ಕೇಳಿದರೆಂದು ತಲೆ ಎತ್ತಿದ್ದೇ ತಪ್ಪಾಯಿತು. ಆ ಅರೆಕ್ಷಣದಲ್ಲಿ ಮಾರಿಯೊ ಗುಂಡಿಗೆ ಬಿದ್ದ. ಬಸ್ಸು ಬನಹಟ್ಟಿ ಬಿಟ್ಟು ಇನ್ನೂ ಕಬ್ಬಿನ ಹೊಲ ಮುಟ್ಟಿರಲಿಲ್ಲ, ಅಷ್ಟರಲ್ಲಿ ಅದು ಬೆಳಗಿನ ನಾಲ್ಕನೇ ಸಾವು. “ಆಟದ ಸಾಮಾನ ರೀ” ಎಂದೆ. ಅವರು ಶೂನ್ಯ ಟಿಕೆಟ್ ಕೊಟ್ಟು, ನನ್ನ ಮಡಿಲಲ್ಲಿದ್ದ ಸಾಮಾನ್ಯ ಜ್ಞಾನದ ದಪ್ಪ ಪುಸ್ತಕವನ್ನೂ ಕೈಯಲ್ಲಿದ್ದ ನೇರಳೆ ಬಣ್ಣದ ಡಬ್ಬಿಯನ್ನೂ ಒಮ್ಮೆ ನೋಡಿ, ಏನೋ ಅರ್ಥವಾದವರಂತೆ ತಲೆಯಾಡಿಸುತ್ತ ಮುಂದೆ ಹೋದರು.

ಆ ಡಬ್ಬಿಯ ಹೆಸರು ಗೇಮ್ ಬಾಯ್ ಕಲರ್. ಜಪಾನಿನ ನಿಂಟೆಂಡೊ ಕಂಪನಿ 1998ರಲ್ಲಿ ಹೊರತಂದ, ಅಂಗೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್. ವಯಸ್ಸಿನಲ್ಲಿ ನನಗಿಂತ ದೊಡ್ಡದು. ಪುಣೆಯಲ್ಲಿ ಕೆಲಸಕ್ಕಿರುವ ಸೋದರಮಾವನ ಮಗ ಅಲ್ಲಿಯ ಜುನಾ ಬಜಾರ್‌ನಲ್ಲಿ ಹಳೆಯ ರೇಡಿಯೊ, ಗಡಿಯಾರಗಳ ರಾಶಿಯ ನಡುವೆ ಇದನ್ನು ಕಂಡು ಚೌಕಾಸಿ ಮಾಡಿ ತಂದಿದ್ದ. ಎರಡು ಪೆನ್ಸಿಲ್ ಸೆಲ್ ಹಾಕಿದರೆ ನಡೆಯುತ್ತದೆ. ಹಿಂದಿನ ಕಿಂಡಿಯಲ್ಲಿ ಒಂದೇ ಒಂದು ಕ್ಯಾಸೆಟ್ ಸಿಕ್ಕಿಕೊಂಡಿತ್ತು: ಸೂಪರ್ ಮಾರಿಯೊ ಬ್ರದರ್ಸ್ ಡಿಲಕ್ಸ್. “ನೀ ಸಣ್ಣಾಕಿ ಇದ್ದಾಗ ಮುಧೋಳದಾಗ ಎಲ್ಲಾರನೂ ಸೋಲಸ್ತಿದ್ದೆಲ್ಲ, ತಗೋ” ಎಂದು ದಸರೆಗೆ ಬಂದಾಗ ಕೊಟ್ಟುಹೋದ.

ಮುಧೋಳದ ಮಾತು ನಿಜ. ಅಲ್ಲಿ ನನ್ನ ಅತ್ತೆಯ ಮನೆ. ಬೇಸಿಗೆ ರಜೆಯಲ್ಲಿ ನಾವು ಏಳೆಂಟು ಮಕ್ಕಳು ಸೇರಿದರೆ ಟಿವಿಗೆ ವಿಡಿಯೊ ಗೇಮ್ ಹಚ್ಚುವುದೇ ಕೆಲಸ. ಕ್ಯಾಸೆಟ್ಟಿನ ಮೇಲೆ ಒಂಬತ್ತು ಸಾವಿರ ಚಿಲ್ಲರೆ ಆಟಗಳಿವೆ ಎಂದು ಬರೆದಿರುತ್ತಿತ್ತು, ಒಳಗೆ ನೋಡಿದರೆ ಅವವೇ ಹತ್ತಿಪ್ಪತ್ತು ಆಟಗಳು ಹೆಸರು ಬದಲಿಸಿಕೊಂಡು ಸುತ್ತುತ್ತಿದ್ದವು. ಆಟ ಬರದಿದ್ದರೆ ಕ್ಯಾಸೆಟ್ ತೆಗೆದು ಉಫ್ ಎಂದು ಊದುವುದು, ಮತ್ತೆ ಹಾಕುವುದು. ಮಾರಿಯೊದಲ್ಲಿ ರಾಜಕುಮಾರಿಯನ್ನು ಬಿಡಿಸಿಕೊಂಡು ಬಂದ ಏಕೈಕ ಹುಡುಗಿ ನಾನೇ ಆಗಿದ್ದೆ. ಕರೆಂಟು ಹೋಗದಿದ್ದ ಒಂದು ಮಧ್ಯಾಹ್ನ ಅದು ಸಾಧ್ಯವಾಯಿತು ಎನ್ನುವುದನ್ನೂ ಹೇಳಬೇಕು.

ಹಾಗಾಗಿ ಡಬ್ಬಿ ಕೈಗೆ ಬಂದಾಗ ನನಗೆ ಸೊಕ್ಕೇ ಇತ್ತು. ಮೊದಲ ದಿನ ಜಮಖಂಡಿ ಬಸ್ ನಿಲ್ದಾಣ ಬರುವುದರೊಳಗೆ ಆ ಸೊಕ್ಕು ಇಳಿಯಿತು. ನಿದ್ದೆಗಣ್ಣಲ್ಲೂ ದಾಟುತ್ತಿದ್ದ ಗುಂಡಿಗಳಿಗೆ ಬಿದ್ದೆ. ಎಲ್ಲಿಂದಲೋ ಬಂದ ಆಮೆ ಬಡಿದು ಸತ್ತೆ. ಆಟ ಅದೇ, ಹಾಡು ಅದೇ, ಇಟ್ಟಿಗೆ, ಕೊಳವೆ, ಅಣಬೆ ಎಲ್ಲ ಇದ್ದಲ್ಲೇ ಇವೆ. ಏನು ಬದಲಾಗಿದೆ ಎಂದು ಹುಡುಕಲು ನನಗೆ ಒಂದು ವಾರ ಬೇಕಾಯಿತು.

ಬದಲಾದದ್ದು ಪರದೆ. ಟಿವಿಗೆ ಹಚ್ಚುವ ಮೂಲ ಯಂತ್ರದ ಚಿತ್ರ 256 ಚುಕ್ಕೆ ಅಗಲ, 240 ಚುಕ್ಕೆ ಎತ್ತರ. ಗೇಮ್ ಬಾಯ್ ಕಲರ್‌ನ ಪರದೆ 160 ಅಗಲ, 144 ಎತ್ತರ. ಮಾರಿಯೊದ ಲೋಕ ಕಟ್ಟಿರುವುದು 16 ಚುಕ್ಕೆಯ ಚೌಕಗಳಲ್ಲಿ, ಒಂದು ಇಟ್ಟಿಗೆ ಎಂದರೆ ಒಂದು ಚೌಕ. ಲೆಕ್ಕ ಹಾಕಿದರೆ ಟಿವಿಯಲ್ಲಿ ಅಡ್ಡಡ್ಡಲಾಗಿ 16 ಚೌಕ ಕಾಣುತ್ತಿದ್ದವು, ಇಲ್ಲಿ ಕಾಣುವುದು 10 ಮಾತ್ರ. ಮೇಲಿಂದ ಕೆಳಕ್ಕೆ 15 ಇದ್ದದ್ದು 9. ಚಿತ್ರವನ್ನೇ ಕುಗ್ಗಿಸಿ ಕೂರಿಸಬಹುದಿತ್ತು, ಆಗ ಮಾರಿಯೊ ಇರುವೆಯಾಗುತ್ತಿದ್ದ. ಹಾಗೆ ಮಾಡಲಿಲ್ಲ. ಅವನ ಗಾತ್ರ ಇದ್ದಷ್ಟೇ ಇಟ್ಟು ಸುತ್ತಲಿನ ಲೋಕವನ್ನು ಕತ್ತರಿಸಿದರು. ಜೋರಾಗಿ ಓಡುವ ಮಾರಿಯೊ ಸೆಕೆಂಡಿಗೆ ಸುಮಾರು ಒಂಬತ್ತು ಚೌಕ ದಾಟುತ್ತಾನೆ. ಟಿವಿಯಲ್ಲಿ ಮುಂದಿನ ಗುಂಡಿ ಕಂಡ ಮೇಲೆ ಯೋಚಿಸಲು ಹೆಚ್ಚು ಕಡಿಮೆ ಒಂದು ಸೆಕೆಂಡು ಸಿಗುತ್ತಿತ್ತು. ಇಲ್ಲಿ ಅರ್ಧ ಸೆಕೆಂಡು. ಆ ಅರ್ಧ ಸೆಕೆಂಡಿನಲ್ಲಿ ನಾನು ಸಾಯುತ್ತಿದ್ದೆ.

ಮಾಡಿದವರಿಗೂ ಇದು ಗೊತ್ತಿತ್ತು. ಮೇಲಿನ ಅಥವಾ ಕೆಳಗಿನ ಬಟನ್ ಒತ್ತಿದರೆ ಪರದೆ ತುಸು ಸರಿದು, ಮೇಲೇನಿದೆ ಕೆಳಗೇನಿದೆ ಎಂದು ತೋರಿಸುತ್ತದೆ. ಆಟವನ್ನು ಉಳಿಸಿಟ್ಟು ಮರುದಿನ ಮುಂದುವರಿಸಬಹುದು. ಮುಧೋಳದ ದಿನಗಳಲ್ಲಿ ಆ ಭಾಗ್ಯ ಇರಲಿಲ್ಲ. ಜೊತೆಗೆ ಕ್ಯಾಲೆಂಡರ್ ಇದೆ, ಇಸ್ಪೀಟೆಲೆ ತೆಗೆದು ಭವಿಷ್ಯ ಹೇಳುವ ಪುಟವೂ ಇದೆ, ಥೇಟ್ ಜಾತ್ರೆಯ ಗಿಳಿಶಾಸ್ತ್ರ. ಪರೀಕ್ಷೆಗೆ ಹೋಗುವ ಮುನ್ನ ನಾನು ಒಮ್ಮೆ ಅದನ್ನೂ ಕೇಳಿದ್ದೆ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಇನ್ನೊಂದು ತೊಡಕು, ಈ ಪರದೆಗೆ ಒಳಗಿನ ಬೆಳಕಿಲ್ಲ. ಬಿಸಿಲು ಬಿದ್ದರೆ ಮಾತ್ರ ಕಾಣುತ್ತದೆ. ಆದ್ದರಿಂದ ನನಗೆ ಕಿಟಕಿ ಸೀಟೇ ಬೇಕು, ಅದೂ ಬಿಸಿಲಿನ ಕಡೆಯದು. ಎಲ್ಲರೂ ನೆರಳಿನ ಕಡೆಗೆ ಓಡುವಾಗ ನಾನೊಬ್ಬಳು ಬಿಸಿಲಿಗೆ ಓಡುತ್ತಿದ್ದುದರಿಂದ ಸೀಟಿಗೇನೂ ಬರ ಇರಲಿಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಮುಂದೆ ಸಿಕ್ಕರೆ ಬಸ್ಸು ನಡಿಗೆಯ ವೇಗಕ್ಕೆ ಬರುತ್ತದೆ. ಉಳಿದವರು ಬೈದುಕೊಳ್ಳುವ ಆ ಹೊತ್ತು ನನಗೆ ಹಬ್ಬ. ಕುಲುಕಾಟ ಕಡಿಮೆ, ಬಿಸಿಲು ನಿಂತಲ್ಲೇ ನಿಲ್ಲುತ್ತದೆ.

ಗೆಳತಿಯರು ಕೇಳುತ್ತಾರೆ, ಫೋನಿನಲ್ಲೇ ಇಂಥ ಆಟಗಳು ಸಿಗುವಾಗ ಈ ಡಬ್ಬಿ ಯಾಕೆ ಎಂದು. ಫೋನ್ ತೆಗೆದರೆ ಆಟಕ್ಕಿಂತ ಮೊದಲು ಸ್ಪರ್ಧಾತ್ಮಕ ಪರೀಕ್ಷೆಯ ಗುಂಪುಗಳು ತೆರೆದುಕೊಳ್ಳುತ್ತವೆ. ಅಧಿಸೂಚನೆ ಬಂತಂತೆ, ಮುಂದಕ್ಕೆ ಹೋಯಿತಂತೆ, ಕಟ್ ಆಫ್ ಇಷ್ಟಂತೆ. ಆ ‘ಅಂತೆ’ಗಳಿಂದ ನಲವತ್ತು ನಿಮಿಷ ದೂರ ಇರುವುದಕ್ಕೆ ಈ ಡಬ್ಬಿ.

ನಿಜವಾದ ಕಷ್ಟ ಶುರುವಾದದ್ದು ಆಮೇಲೆ. ಒಂದೇ ಆಟದಲ್ಲಿ ಮೂರು ಲಕ್ಷ ಅಂಕ ದಾಟಿದ ದಿನ ಹೊಸದೊಂದು ಬಾಗಿಲು ತೆರೆಯಿತು. ಅದರ ಮೇಲೆ ‘ಸೂಪರ್ ಪ್ಲೇಯರ್ಸ್‌ಗಾಗಿ’ ಎಂಬರ್ಥದ ಇಂಗ್ಲಿಷ್ ಬರಹ. ಸಾಮಾನ್ಯ ಆಟ ಬಲ್ಲವರಿಗೆ ಇನ್ನೂ ಗಟ್ಟಿಯಾದದ್ದು ಬೇಕಾದರೆ ಬನ್ನಿ ಎಂದು ಕರೆದಂತೆ. ಹೋದೆ. ಮೊದಲ ಹಂತದ ಮೊದಮೊದಲ ಪೆಟ್ಟಿಗೆಗಳಲ್ಲೇ ಒಂದು ಅಣಬೆ ಬಂತು, ಆಸೆಯಿಂದ ಮುಟ್ಟಿದೆ, ಸತ್ತೆ. ವಿಷದ ಅಣಬೆ.

ಇದರ ಕಥೆ ಓದಿ ನನಗೆ ಸಮಾಧಾನವೂ ಆಯಿತು, ಸಿಟ್ಟೂ ಬಂತು. 1985ರ ಮೊದಲ ಮಾರಿಯೊ ಗೆದ್ದ ಮೇಲೆ ಜಪಾನಿನಲ್ಲಿ 1986ರ ಜೂನ್ 3ರಂದು ಎರಡನೇ ಭಾಗ ಬಂತು. ಮೊದಲನೆಯದನ್ನು ಅರೆದು ಕುಡಿದವರಿಗಾಗಿಯೇ ಮಾಡಿದ್ದು. ಗಾಳಿಯಲ್ಲಿ ಕಾಣದ ಇಟ್ಟಿಗೆಗಳು, ಗುಂಡಿ ಹಾರಲು ಹೋದರೆ ತಲೆಗೆ ಬಡಿದು ಅದೇ ಗುಂಡಿಗೆ ಕೆಡವುತ್ತವೆ. ಹಸಿರು ಸ್ಪ್ರಿಂಗ್ ಒದ್ದರೆ ಮಾರಿಯೊ ಪರದೆಯ ಮೇಲಂಚು ದಾಟಿ ಮಾಯವಾಗುತ್ತಾನೆ, ಅವನೆಲ್ಲಿದ್ದಾನೆ ಎಂದು ಊಹಿಸುತ್ತಲೇ ನಡೆಸಬೇಕು. ಅಮೆರಿಕದ ನಿಂಟೆಂಡೊದಲ್ಲಿ ಆಟಗಳನ್ನು ಆಡಿ ನೋಡುತ್ತಿದ್ದ ಹೋವರ್ಡ್ ಫಿಲಿಪ್ಸ್ ಎಂಬಾತ ಇದನ್ನು ಆಡಿ ನೋಡಿ, ಇದು ಖುಷಿ ಕೊಡುವ ಆಟವಲ್ಲ, ಶಿಕ್ಷೆ ಎಂಬಂಥ ಅಭಿಪ್ರಾಯ ಕೊಟ್ಟ. ಹಾಗಾಗಿ ಆಟ ಆ ಕಡೆ ಹೋಗಲೇ ಇಲ್ಲ. ಬೇರೊಂದು ಜಪಾನಿ ಆಟದ ಪಾತ್ರಗಳನ್ನು ಬದಲಿಸಿ 1988ರಲ್ಲಿ ಅಮೆರಿಕನ್ನರಿಗೆ ‘ಮಾರಿಯೊ 2’ ಎಂದು ಕೊಟ್ಟರು. ಅಸಲಿ ಎರಡನೆಯದು ‘ದಿ ಲಾಸ್ಟ್ ಲೆವೆಲ್ಸ್’ ಎಂಬ ಹೆಸರಲ್ಲಿ ಅವರ ಕೈಗೆ ಸಿಕ್ಕಿದ್ದು 1993ರಲ್ಲಿ. 1999ರಲ್ಲಿ ಅದನ್ನೇ ಈ ಅಂಗೈ ಕ್ಯಾಸೆಟ್ಟಿನೊಳಗೆ ಬಚ್ಚಿಟ್ಟರು. ಬಚ್ಚಿಡುವಾಗ ಕೆಲವನ್ನು ಕೈಬಿಟ್ಟರು. ಮೂಲದಲ್ಲಿ ಮಾರಿಯೊನನ್ನು ತಳ್ಳುವ ಗಾಳಿ ಇತ್ತು, ಇಲ್ಲಿ ಇಲ್ಲ. ಎಂಟು ಲೋಕಗಳಾಚೆಗಿನ ಹೆಚ್ಚುವರಿ ಲೋಕಗಳೂ ಇಲ್ಲ. ನನಗಂತೂ ಉಳಿದದ್ದೇ ಸಾಕಿತ್ತು.

ಒಂದು ಮಾತು ಹೇಳಲೇಬೇಕು. ಆ ಆಟ ಟಿವಿಯ ಮುಂದೆ ಕುಳಿತ, ಹದಿನಾರು ಚೌಕ ಕಾಣುವ, ಪಳಗಿದ ಆಟಗಾರರಿಗಾಗಿ ಬರೆದದ್ದು. ಅದನ್ನು ಹತ್ತು ಚೌಕದ ಕಿಂಡಿಯಲ್ಲಿ ತುರುಕಿದಾಗ ಕಷ್ಟ ಎರಡಾಗುತ್ತದೆ. ಒಂದು, ಆಟ ಬರೆದವರು ಬೇಕೆಂದೇ ಇಟ್ಟ ಕಷ್ಟ. ಇನ್ನೊಂದು ಯಾರೂ ಇಡದೆ, ಕಿಂಡಿ ಚಿಕ್ಕದಾದ್ದರಿಂದ ಬಂದ ಕಷ್ಟ. ಸತ್ತಾಗ ಎರಡೂ ಒಂದೇ ಥರ ಕಾಣುತ್ತವೆ. ‘ನನಗೆ ಬರುವುದಿಲ್ಲ’ ಅನ್ನಿಸುತ್ತದೆ, ಅಷ್ಟೇ. ಜಮಖಂಡಿಯ ಗ್ರಂಥಾಲಯದಲ್ಲಿ ಓದುತ್ತ ಕೂತಾಗ ನನಗೆ ಇದು ಎಷ್ಟೋ ಸಲ ನೆನಪಾಗಿದೆ. ದೊಡ್ಡ ಊರಿನ ಕೋಚಿಂಗ್ ಕೇಂದ್ರಗಳಲ್ಲಿ ಇರುವವರಿಗೆ ಯಾವ ಹುದ್ದೆ ಯಾವಾಗ ಕರೆಯಬಹುದು, ಯಾವ ಭಾಗದಿಂದ ಹೆಚ್ಚು ಪ್ರಶ್ನೆ, ಓಎಂಆರ್ ಹಾಳೆಯಲ್ಲಿ ಎಲ್ಲಿ ಕೈ ತಪ್ಪುತ್ತದೆ ಎಲ್ಲವೂ ನಾಲ್ಕು ಹೆಜ್ಜೆ ಮೊದಲೇ ಕಾಣುತ್ತದೆ. ನಮಗೆ ಗುಂಡಿಯ ಅಂಚಿಗೆ ಬಂದಾಗ ಕಾಣುತ್ತದೆ. ಪ್ರಶ್ನೆಪತ್ರಿಕೆ ಮಾತ್ರ ಇಬ್ಬರಿಗೂ ಒಂದೇ.

ನನ್ನದೇ ಉದಾಹರಣೆ. ಮೊದಲ ನೇಮಕಾತಿ ಪರೀಕ್ಷೆಯಲ್ಲಿ ಒಂದೂವರೆ ಅಂಕಕ್ಕೆ ಹೋಯಿತು. ಋಣಾತ್ಮಕ ಅಂಕದ ನಿಯಮ ಗೊತ್ತಿದ್ದೂ ಕೊನೆಯ ಹತ್ತು ನಿಮಿಷ ಕಣ್ಣು ಮುಚ್ಚಿ ಗುರುತು ಹಾಕಿದ್ದೆ, ಅದು ಪೂರ್ತಿ ನನ್ನದೇ ತಪ್ಪು. ಎರಡನೆಯದನ್ನು ಚೆನ್ನಾಗಿ ಬರೆದಿದ್ದೆ. ಆ ಪರೀಕ್ಷೆಯೇ ರದ್ದಾಗಿ, ಮತ್ತೆ ಮೊದಲಿಂದ ಬರೆಯಬೇಕು ಎಂದಾಯಿತು. ಮನೆಯಲ್ಲಿ ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ತಮ್ಮ ಐಟಿಐ ಅರ್ಧಕ್ಕೆ ಬಿಟ್ಟು ಅಪ್ಪನ ಜೊತೆ ಪವರ್‌ಲೂಮ್‌ಗೆ ಹೋಗತೊಡಗಿದ. ಮೂರನೆಯದು ಆಗದಿದ್ದರೆ ‘ಮುಂದಿನ ವಿಚಾರ’ ಮಾಡೋಣ ಎಂದು ಅವ್ವ ಅಕ್ಕಿ ಆರಿಸುತ್ತ ಹೇಳಿದಳು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಮುಂದಿನ ವಿಚಾರ ಎಂದರೆ ಏನೆಂದು ಓದುವವರಿಗೆ ಬಿಡಿಸಿ ಹೇಳಬೇಕಿಲ್ಲ.

ಆ ದಿನಗಳಲ್ಲೇ ಆಟದಲ್ಲಿ ಮೂರನೇ ಲೋಕದ ಗುಪ್ತ ಕೊಳವೆಯೊಂದು ಸಿಕ್ಕಿತು. ಮಾರಿಯೊದಲ್ಲಿ ಇಂಥ ಕೊಳವೆ ಸಿಕ್ಕರೆ ಮುಂದಿನ ಲೋಕಕ್ಕೆ ಒಮ್ಮೆಲೇ ಜಿಗಿಯಬಹುದು, ಮುಧೋಳದಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದ ಗುಟ್ಟು ಅದು. ಖುಷಿಯಿಂದ ಇಳಿದೆ. ಕಣ್ಣು ಬಿಟ್ಟರೆ ಒಂದನೇ ಲೋಕ. ಈ ಆಟದಲ್ಲಿ ಹಿಂದಕ್ಕೆ ಕರೆದೊಯ್ಯುವ ಕೊಳವೆಗಳೂ ಇವೆ. ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಪಕ್ಕದ ಅಜ್ಜಿ ಸ್ವಲ್ಪ ಸರಿದು ಕೂತರು.

ಮಾರಿಯೊನನ್ನು ಅಪ್ಪ ನೋಡಿದ್ದು ಒಂದು ಮಂಗಳವಾರ, ಕರೆಂಟ್ ಇಲ್ಲದ ಮಧ್ಯಾಹ್ನ. ಬನಹಟ್ಟಿಯಲ್ಲಿ ಕರೆಂಟು ಹೋದರೆ ಕಿವಿಗೆ ಗೊತ್ತಾಗುತ್ತದೆ. ಹಗಲೂ ರಾತ್ರಿ ಕಟಕಟ ಎನ್ನುವ ಓಣಿ ತಟ್ಟನೆ ಸುಮ್ಮನಾಗುತ್ತದೆ. ಲಾಳಿ ನಿಂತಿತು, ಅಪ್ಪ ಮನೆಗೆ ಬಂದ. ನಾನು ಹೊಸ್ತಿಲ ಬಿಸಿಲಲ್ಲಿ ಕೂತು ಒಂದೇ ಜಾಗದಲ್ಲಿ ಸಾಯುತ್ತಿದ್ದೆ. ಅವನು ಹಿಂದೆ ನಿಂತು ಬಹಳ ಹೊತ್ತು ನೋಡಿದ.

“ಮುಂದ ಏನ ಬರ್ತೈತಿ ಅಂತ ನಿನಗ ಕಾಣೂದಿಲ್ಲೇನು?”

“ಇಲ್ಲ ಅಪ್ಪಾ, ಸತ್ತ ಸತ್ತ ತಿಳ್ಕೋಬೇಕು.”

“ಹಂಗಾರ ಸತ್ತಾಗೊಮ್ಮೆ ಬರದಿಟ್ಟೀಯೇನು?”

ಬರೆದಿಟ್ಟಿರಲಿಲ್ಲ. ಇಷ್ಟು ಸರಳ ವಿಚಾರ ನನಗೆ ಹೊಳೆದಿರಲೇ ಇಲ್ಲ. ಅಪ್ಪ ಒಳಗೆ ಹೋಗಿ ಟ್ರಂಕಿನಿಂದ ಹಳದಿಯಾದ ಗ್ರಾಫ್ ಕಾಗದದ ಸುರುಳಿ ತಂದ. ಹರೆಯದಲ್ಲಿ ಅವನು ಸೀರೆಯ ಅಂಚು, ಸೆರಗಿನ ನಕ್ಷೆ ಬರೆದು ಜಕಾರ್ಡ್‌ಗೆ ಕಾರ್ಡು ತೂತು ಹೊಡೆಯುವ ಕೆಲಸ ಮಾಡುತ್ತಿದ್ದ. ಒಂದು ಚೌಕ ತುಂಬಿದರೆ ಎಳೆ ಮೇಲೇಳಬೇಕು, ಖಾಲಿ ಇದ್ದರೆ ಕೆಳಗೇ ಇರಬೇಕು. ಆ ಪ್ರಕಾರ ರಟ್ಟಿನ ಕಾರ್ಡಿಗೆ ತೂತು, ತೂತಿನ ಪ್ರಕಾರ ಹೂವು, ನವಿಲು, ಗೋಪುರ. ನೇಯುವವನಿಗೆ ಮಗ್ಗದ ಮೇಲೆ ಕಾಣುವುದು ಒಂದು ಗೇಣು ಬಟ್ಟೆ ಮಾತ್ರ, ಪೂರ್ತಿ ಸೆರಗು ಇರುವುದು ಈ ಕಾಗದದಲ್ಲಿ.

ಅಂದಿನಿಂದ ನಾವಿಬ್ಬರೂ ನಕ್ಷೆ ಬರೆಯಲು ಕೂತೆವು. ನಾನು ಆಡುವುದು, ಸಾಯುವುದು, ಹೇಳುವುದು. “ಎರಡು ಚೌಕ ನೆಲ, ಮೂರು ಚೌಕ ತಗ್ಗು, ಅದರ ಮ್ಯಾಲ ನಾಕನೇದ್ರಾಗ ಕಾಣದ ಇಟ್ಟಂಗಿ.” ಅಪ್ಪ ಪೆನ್ಸಿಲ್ಲಿನಿಂದ ತುಂಬುತ್ತ ಹೋಗುತ್ತಿದ್ದ. ತಗ್ಗಿಗೆ ಕಪ್ಪು, ಆಮೆಗೆ ಅಡ್ಡಗೆರೆ, ವಿಷದ ಅಣಬೆಗೆ ಅವನದೇ ಒಂದು ಗುರುತು, ಮಾವಿನಕಾಯಿಯಂಥದ್ದು. ಮೊದಲ ಮಾರಿಯೊದ ಮೊದಲ ಹಂತವೇ ಇನ್ನೂರಕ್ಕೂ ಹೆಚ್ಚು ಚೌಕ ಉದ್ದ. ಹೀಗಾಗಿ ಕಾಗದಕ್ಕೆ ಕಾಗದ ಅಂಟಿಸಿದೆವು. ಒಂದು ಹಂತ ಮುಗಿದಾಗ ಅದನ್ನು ನೆಲದ ಮೇಲೆ ಉದ್ದಕ್ಕೆ ಹಾಸಿ ಅಪ್ಪ ದೂರ ನಿಂತು ನೋಡಿ, “ಅಂಚಿನ ಡಿಸೈನ್ ಇದ್ದಂಗ ಐತಿ. ಇಲ್ಲಿ ನೋಡು, ಇದ ತಗ್ಗು ಮೂರು ಸಲ ಬಂದೈತಿ, ನಡುವಿನ ಅಂತರಷ್ಟ ಬ್ಯಾರೆ” ಎಂದ. ಒಂದೇ ಜಾಗದಲ್ಲಿ ಸತ್ತು ಸತ್ತು ನನಗೆ ಕಾಣದ್ದು ಅವನಿಗೆ ಹಾಗೆ ಸುಮ್ಮನೆ ಕಂಡಿತು.

ಆಮೇಲೆ ಒಂದು ಕಡೆ ಓದಿದೆ: ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಮೊದಲ ಮಾರಿಯೊದ ಹಂತಗಳನ್ನು ಕಂಪ್ಯೂಟರ್‌ನಲ್ಲಿ ಅಲ್ಲ, ಗ್ರಾಫ್ ಕಾಗದದ ಮೇಲೆ ಕೈಯಲ್ಲೇ ಬರೆದಿದ್ದರಂತೆ. ಅಪ್ಪನಿಗೆ ಹೇಳಿದೆ. “ಮತ್ತ? ಇನ್ನ ಹ್ಯಾಂಗ ಬರೀತಾರ?” ಎಂದ, ಆಶ್ಚರ್ಯವೇ ಇಲ್ಲದೆ.

ಇದರಿಂದ ನನ್ನ ಓದೂ ಬದಲಾಯಿತು ಎಂದರೆ ಉತ್ಪ್ರೇಕ್ಷೆ ಅನ್ನಿಸಬಹುದು, ಆದರೆ ಆದದ್ದು ಹಾಗೆಯೇ. ಉಳಿದ ಗ್ರಾಫ್ ಕಾಗದದ ಮೇಲೆ ಹಿಂದಿನ ಎಂಟು ವರ್ಷದ ಪ್ರಶ್ನೆಪತ್ರಿಕೆಗಳನ್ನು ಹರಡಿದೆ. ಒಂದು ಪ್ರಶ್ನೆಗೆ ಒಂದು ಚೌಕ, ವಿಷಯಕ್ಕೊಂದು ಬಣ್ಣ, ನಾನು ತಪ್ಪಿದ್ದಕ್ಕೆ ಕಪ್ಪು. ನಾನು ಕಷ್ಟ ಎಂದು ರಾತ್ರಿಗಟ್ಟಲೆ ಕೂತಿದ್ದ ಅರ್ಥಶಾಸ್ತ್ರದಲ್ಲಿ ಕಪ್ಪು ಕಡಿಮೆ ಇತ್ತು. ಸುಲಭ ಎಂದು ಬಿಟ್ಟಿದ್ದ ಕನ್ನಡ ವ್ಯಾಕರಣದಲ್ಲಿ ಸಾಲುಸಾಲು ಕಪ್ಪು. ರನ್ನ ಹುಟ್ಟಿದ ಮುಧೋಳದ ಮಗ್ಗುಲಲ್ಲೇ ಬೆಳೆದವಳು ಸಮಾಸದಲ್ಲಿ ಸೋಲುವುದು ಎಂದರೆ! ಗ್ರಂಥಾಲಯದ ಮೇಜಿನಲ್ಲಿ ಹಾಳೆ ಹಾಸಿದಾಗ ಹುಡುಗರು ಸುತ್ತ ನಿಂತರು. ಬೀಳಗಿಯಿಂದ ಬರುವ ಗೆಳತಿಯೊಬ್ಬಳು ನಾನು ಬರೆಯದಿದ್ದ ಎರಡು ಪರೀಕ್ಷೆ ಬರೆದಿದ್ದಳು, ತನ್ನ ಕಪ್ಪು ಚೌಕಗಳನ್ನೂ ಸೇರಿಸಿದಳು. ಬಿದ್ದವರು ಬರೆದಿಟ್ಟರೆ ಹಿಂದೆ ಬರುವವರಿಗೆ ನಾಲ್ಕು ಚೌಕ ಹೆಚ್ಚು ಕಾಣುತ್ತದೆ. ಆ ಹಾಳೆಯ ಫೋಟೊ ಈಗ ನಾಲ್ಕೂ ತಾಲ್ಲೂಕಿನ ಯಾರ್‍ಯಾರ ಫೋನಿನಲ್ಲಿದೆಯೋ ನನಗೆ ಗೊತ್ತಿಲ್ಲ.

ಮೂರನೇ ಪರೀಕ್ಷೆ ಬರೆದು ಬಂದೆ. ಗುರುತು ಹಾಕದೆ ಬಿಟ್ಟ ಪ್ರಶ್ನೆಗಳು ಹನ್ನೊಂದು. ಗೊತ್ತಿಲ್ಲದ್ದನ್ನು ಬಿಟ್ಟು ಬಂದೆನಲ್ಲ ಎಂಬ ಸಮಾಧಾನ. ಫಲಿತಾಂಶ ಬಂದಿಲ್ಲ. ಅವ್ವ ಮುಂದಿನ ವಿಚಾರವನ್ನು ಸದ್ಯಕ್ಕೆ ಮುಂದೂಡಿದ್ದಾಳೆ, ಪೂರ್ತಿ ಬಿಟ್ಟಿಲ್ಲ. ಮಾರಿಯೊ ಏಳನೇ ಲೋಕದಲ್ಲಿದ್ದ.

‘ಇದ್ದ’ ಎನ್ನಲು ಕಾರಣವಿದೆ. ಪರೀಕ್ಷೆ ಮುಗಿದ ವಾರ ಡಬ್ಬಿ ಹಚ್ಚಿದರೆ ಏನೂ ಇಲ್ಲ. ಉಳಿಸಿಟ್ಟ ಆಟ ಮಾಯ, ಸೂಪರ್ ಪ್ಲೇಯರ್ಸ್ ಬಾಗಿಲೂ ಮುಚ್ಚಿತ್ತು. ಕ್ಯಾಸೆಟ್ಟಿನೊಳಗೆ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಅದು ಜೀವಂತ ಇರುವವರೆಗೆ ಮಾತ್ರ ನೆನಪು. ಇಪ್ಪತ್ತು ವರ್ಷ ದಾಟಿದ ಆ ಸೆಲ್ ಕೊನೆಗೂ ಕೈಕೊಟ್ಟಿತ್ತು. ಜಮಖಂಡಿಯಲ್ಲಿ ಗಡಿಯಾರ ರಿಪೇರಿ ಮಾಡುವವರ ಬಳಿ ಒಯ್ದೆ. ಅದರ ಸ್ಕ್ರೂ ಸಾಮಾನ್ಯ ಸ್ಕ್ರೂಡ್ರೈವರ್‌ಗೆ ಬಗ್ಗುವಂಥದ್ದಲ್ಲ. ಅವರು ಬಾಲ್ ಪೆನ್ನಿನ ಕೊಳವೆಯ ತುದಿ ಕಾಯಿಸಿ, ಮೆತ್ತಗಾದಾಗ ಸ್ಕ್ರೂ ಮೇಲೆ ಒತ್ತಿ ಹಿಡಿದು, ಗಟ್ಟಿಯಾದ ಮೇಲೆ ತಿರುಗಿಸಿಬಿಟ್ಟರು. ಹಳೆಯ ಸೆಲ್ ಕಿತ್ತು ಹೊಸದನ್ನು ಬೆಸುಗೆ ಹಾಕಿ, “ಹಳೇದು ವಾಪಸ್ ಬರೂದಿಲ್ಲವ್ವ. ಇನ್ನ ಮುಂದಿಂದು ಉಳೀತೈತಿ” ಎಂದು ನಲವತ್ತು ರೂಪಾಯಿ ತಗೊಂಡರು.

ನಿನ್ನೆ ಮತ್ತೆ ಬಸ್ಸಿನಲ್ಲಿ ಮೊದಲಿಂದ ಶುರು ಮಾಡಿದೆ. ಮೊದಲು ಮೂರು ಲಕ್ಷ ಅಂಕ, ಆಮೇಲೆ ಆ ಬಾಗಿಲು. ಬ್ಯಾಗಿನಲ್ಲಿ ಅಪ್ಪನ ಸುರುಳಿ ಇದೆ. ಪಕ್ಕದಲ್ಲಿ ರಬಕವಿಯಲ್ಲಿ ಹತ್ತಿದ, ಐದನೆಯದೋ ಆರನೆಯದೋ ಓದುವ ಹುಡುಗ, ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದ. ಒಂದೇ ಗುಂಡಿಗೆ ಎರಡು ಸಲ ಬಿದ್ದೆ. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಮೂರನೇ ಸಲ ಓಡಿ ಬರುವಾಗ, ಪರದೆಯಲ್ಲಿ ಇನ್ನೂ ನೆಲವೇ ಕಾಣುತ್ತಿದ್ದಾಗ, ಅವನು ನನ್ನ ತೋಳು ಹಿಡಿದ.

“ಅಕ್ಕಾ, ಈಗ ತಗ್ಗ ಬರ್ತೈತಿ. ಜಿಗೀ.”